ನಡುಕ ಬಿಡುವ ತನಕ

ಕೊಪ್ಪಿಕರ್ ರಸ್ತೆಯಿಂದ ಎಡಕ್ಕೆ, ಬಳೆ ಅಂಗಡಿಯ ಮೇಲಿನ ಅಟ್ಟ.
ದಾವಲಸಾಬ ನದಾಫ ಹಾರ್ಡ್ ಡಿಸ್ಕಿನ ಮುಚ್ಚಳ ತೆಗೆದು
ಉಸಿರು ಹಿಡಿದು ಕೂತಿದ್ದಾನೆ,
ಮೂಗಿಗೆ ಮಾಸ್ಕು, ತಲೆಗೆ ಹೆಂಡತಿಯ ಸ್ನಾನದ ಟೋಪಿ.

ಗದಗಿನಿಂದ ಮೊದಲ ಬಸ್ಸಿಗೆ ತಂದದ್ದು ನಾನು:
ನಮ್ಮ ಪ್ರೆಸ್ಸಿನ ಹದಿನೇಳು ವರ್ಷದ ಲಗ್ನಪತ್ರಿಕೆ,
ಸೊಸೈಟಿಗಳ ವಾರ್ಷಿಕ ವರದಿ, ಕಿರಾಣಿ ಬಿಲ್ಲು,
ಎಲ್ಲ ಈ ಕನ್ನಡಿಯಂಥ ತಟ್ಟೆಯೊಳಗೆ.
ನಿನ್ನೆ ಸಂಜೆಯಿಂದ ಟಕ್, ಟಕ್, ಟಕ್.

"ತಟ್ಟಿ ಚಲೋ ಐತ್ರಿ ಅಕ್ಕಾರ. ತಲಿ ಕೆಟ್ಟೈತಿ."

ಎಳ್ಳಿಗಿಂತ ಸಣ್ಣ ತಲೆ.
ಗಾಳಿಯ ಒಂದೇ ಪದರ ಹಾಸಿಕೊಂಡು
ಮುಟ್ಟದೆ ಓದುತ್ತದೆ.
ಮುಟ್ಟಿತೋ, ಗೀರು.

ಮೊದಲಿನವು ಭಾರ ಇದ್ದವಂತೆ.
ಭಾರದ ಕೈ ಹೊರಡುವುದು ತಡ,
ಹೊರಟ ಮೇಲೆ ನಿಲ್ಲಲಾರದು.
ಅದಕ್ಕೇ ತಲೆ ಸವೆಸಿದರು, ತೋಳು ಕೊರೆದು ಹಗುರ ಮಾಡಿದರು,
ತೋಳಿನ ತುದಿಗೆ ಇನ್ನೊಂದು ಸಣ್ಣ ಕೀಲು ಕೂಡಿಸಿದರು.
"ಮೊಳಕೈ ಓಣಿತನಕ ಒಯ್ಯತೈತಿ,
ಮಣಿಕಟ್ಟು ಮನಿ ಹುಡುಕತೈತಿ."

ನನಗಿದು ಗೊತ್ತಿತ್ತು.
ಹತ್ತೊಂಬತ್ತಕ್ಕೆ ಕಂಪೋಸಿಂಗಿಗೆ ನಿಂತವಳು ನಾನು.
ಸೀಸದ ಅಕ್ಷರದ ಕೇಸು, ನೂರಾರು ಮನೆ;
ರ, ದ, ನ, ಲ ಹೊಟ್ಟೆಯ ಹತ್ತಿರ,
ಝ, ಢ ಕೈ ಚಾಚುವ ಮೂಲೆಗೆ.
ಫೋರ್‌ಮನ್ ಹೇಮಣ್ಣ ರೂಲುಕಟ್ಟಿಗೆಯಿಂದ ಮೊಳಕೈ ತಟ್ಟುತ್ತಿದ್ದ:
"ಕೈ ಹಾರಸಬ್ಯಾಡ. ಸಪಾಟ ಒಯ್ಯಿ."
ಒಯ್ದೆ, ಬಿರುಸಾಗಿ.
ಬೆರಳು ಸರಿಯಾದ ಮನೆಗೇ ಬಂತು, ಬಂದು ನಡುಗಿತು,
ಪಕ್ಕದ ಮನೆಯದನ್ನು ಎತ್ತಿತು.
'ವಧೂಮರರನ್ನು ಹರಸಿರಿ' ಎಂದು
ಬೆಟಗೇರಿಯ ಒಂದು ಮನೆತನಕ್ಕೆ
ಐನೂರು ಪ್ರತಿ ಅಚ್ಚಾಗಿ ಹೋಯಿತು.

"ಓಡೂದು ಈಗ ದೊಡ್ಡ ಮಾತಲ್ರಿ," ಅಂದ ದಾವಲಸಾಬ,
"ಓಡಿ ಬಂದು ನಿಂತ ಮ್ಯಾಲ ನಡುಕ ಬಿಡಬೇಕಲ್ಲ,
ಹೊತ್ತು ಹೋಗೂದು ಅಲ್ಲೇ."

ಚಿಮಟದ ತುದಿಯಲ್ಲಿ
ಬೇರೆ ಯಾವುದೋ ಸತ್ತ ಡಿಸ್ಕಿನಿಂದ ಕಿತ್ತ ತಲೆ.
ಅರವತ್ತೆರಡರ ಅವನ ಕೈಗೂ ಸಣ್ಣ ನಡುಕ.
ಕಾದ.
ಕೆಳಗೆ ಯಾರೋ ಒಂದು ಡಜನ್ ಹಸಿರು ಬಳೆಗೆ
ಚೌಕಾಸಿ ಮಾಡಿ, ಜಗಳಾಡಿ, ಕೊಂಡು ಹೋದರು.
ಆಮೇಲೆ ಇಟ್ಟ.

ತಟ್ಟೆ ತಿರುಗಿತು. ಟಕ್ ಇಲ್ಲ.
ಪರದೆಗೆ ಮೊದಲು ಬಂದದ್ದು
ನಾಳೆ ಅಚ್ಚಿಗೆ ಹೋಗಬೇಕಾದದ್ದಲ್ಲ,
ಹೊಳೆಆಲೂರಿನ ಯಾರದೋ ಹಳೆಯ ಗೃಹಪ್ರವೇಶ.
ತಪ್ಪಿದೆಯೇನೋ ಎಂದು ಓದತೊಡಗಿದೆ.
ಬಲಗೈ ಮೇಜಿನ ಮೇಲೆ ತಾನಾಗಿ ಸರಿದು,
ಸಪಾಟ,
ಇಲ್ಲದ ಕೇಸಿನೊಳಗೆ
'ಗೃ' ಇದ್ದ ಮನೆಗೆ ಹೋಗಿ ನಿಂತಿತು.