ಕರಿದ್ರಾಕ್ಷಿ

ಸಂಖದಲ್ಲಿ ಕುಬಸ. ಬಾಸುಂದಿ ಉಂಡವರು
ಕೈ ತೊಳೆದ ಮೂರು ತಾಸಿಗೆ
ಟೆಂಪೋದಲ್ಲಿ ಒಬ್ಬರ ಮಡಿಲಲ್ಲೊಬ್ಬರು ಕಾರಿಕೊಳ್ಳುತ್ತ
ಜತ್ತಿನ ದವಾಖಾನೆಗೆ ಬಂದರು. ನಲವತ್ತೊಂದು ಮಂದಿ.
ಯಾರೂ ಸಾಯಲಿಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇನೆ.

ಹಲ್ಲಿ ಬಿದ್ದಿತ್ತು ಅಂದರು. ದೃಷ್ಟಿ ಅಂದರು.
ಬೀಗರ ಕಡೆಯವರು ಇನ್ನೂ ಏನೇನೋ ಅಂದರು.
ಕದಮ ಡಾಕ್ಟರು ಮರಾಠಿಯಲ್ಲಿ ಬರೆದ ಚೀಟಿ ಹಿಡಿದು
ನಾನು ಕನ್ನಡದಲ್ಲಿ ಕೇಳುತ್ತ ಹೋದೆ:
ಏನು ಉಂಡ್ರಿ, ಎಷ್ಟು ಉಂಡ್ರಿ, ಎಷ್ಟೊತ್ತಿಗೆ?
ಸಕ್ಕರೆ ಕಾಯಿಲೆಯ ಮುದುಕನೊಬ್ಬ, ಬರೀ ರೊಟ್ಟಿ ಪಲ್ಯ ಉಂಡವ,
ಬಾಗಿಲಲ್ಲಿ ಗಟ್ಟಿಯಾಗಿ ನಿಂತು ಅಡಿಕೆ ಕಡಿಯುತ್ತಿದ್ದ.

ಹಂಡೆಯ ತಳದಿಂದ ತಂದದ್ದನ್ನು ತಟ್ಟೆಗೆ ಗೀರಿ ಇಟ್ಟೆ.
ಮರುದಿನ ತಟ್ಟೆ ಬೋಳು. ಅದರ ಮರುದಿನವೂ ಬೋಳು.
ಬಡಿಸುವ ಮುಂಚೆ ಮತ್ತೆ ಕುದಿಸಿದ್ದರಂತೆ:
ಹುಳ ಸತ್ತಿತ್ತು, ಅದು ಉಗುಳಿದ್ದು ಸತ್ತಿರಲಿಲ್ಲ,
ಕುದಿಗೆ ಅಂಜದ ವಿಷ. ಹಾಗಂತ ನನಗೆ ಅನುಮಾನ.
ಅನುಮಾನಕ್ಕೆ ಫಾರ್ಮಿನಲ್ಲಿ ಜಾಗವಿಲ್ಲ.

ಆಮೇಲೆ ಹುಡುಗಿಯೊಬ್ಬಳು
ವೇಲಿನಡಿ ಒಂದು ವಾಟಗ ಮುಚ್ಚಿಕೊಂಡು ಬಂದಳು,
ತಡವಾಗಿ ಬರುವ ಅತ್ತಿಗೆಗೆಂದು
ರಾತ್ರಿಯೇ ತೆಗೆದಿಟ್ಟು ಮರೆತದ್ದು,
ಎರಡನೇ ಸಲ ಒಲೆ ಕಾಣದ್ದು.

ಅದರಿಂದ ಎದ್ದವು, ಹಳದಿ ಚುಕ್ಕೆ, ಸಾಲುಸಾಲು.
ಬಣ್ಣ ಹಾಕಿ ಗಾಜಿನಡಿ ಇಟ್ಟರೆ
ನೇರಳೆ ಉಂಡೆಗಳು, ಗೊನೆಗೊನೆ.
ಸಿಕ್ಕಿತು ಎಂದು ಒಬ್ಬನೇ ಮೇಜು ಗುದ್ದಿದೆ.
ಗುದ್ದಿದ ಮೇಲೆ ನಾಚಿಕೆಯಾಯಿತು.

ಬಂದದ್ದೆಲ್ಲಿಂದ?
ಮಲಕವ್ವನ ಹೆಬ್ಬೆರಳಿಗೆ ಉಗುರುಸುತ್ತು.
ದ್ರಾಕ್ಷಿತೋಟದಲ್ಲಿ ಕಾಯಿ ವಿರಳ ಮಾಡುವ ಕತ್ತರಿ ತಾಗಿ ಎಂಟು ದಿನ,
ಅರಿಶಿನ, ಚಿಂದಿ, ಮತ್ತೆ ಕೂಲಿ.
ಕುಬಸದ ಹಿಂದಿನ ರಾತ್ರಿ, ಹಾಲು ಆರಿದ ಮೇಲೆ,
ಚಿಂದಿ ಬಿಚ್ಚಿ, ಕೈ ತೊಳೆದೇ,
ಕೆನೆಯ ಗಂಟುಗಳನ್ನು ಬೆರಳಲ್ಲಿ ಒಡೆದಿದ್ದಳು,
ಬಸುರಿಯ ಗಂಟಲಿಗೆ ನುಣ್ಣಗಿರಲೆಂದು.
ಅವಳ ಕೀವಿನ ತಟ್ಟೆಯಲ್ಲೂ ಅದೇ ಹಳದಿ.

‘ಮೂಲ’ ಎಂಬ ಖಾನೆಯಲ್ಲಿ ‘ಅಡುಗೆಯವರ ಕೈ’ ಎಂದಷ್ಟೇ ಬರೆದೆ.
ಹೆಸರು ಬರೆಯಲಿಲ್ಲ. ಊರಿಗೆ ಆಗಲೇ ಗೊತ್ತಿತ್ತು.

ಬೆರಳಿಗೆ ಬಿಳಿ ಪಟ್ಟಿ ಕಟ್ಟಿಸಿಕೊಂಡು ಅವಳೇ ಬಂದಳು.
“ನಾ ನೋಡಬೇಕು ಅದನ್ನ.”
ಒಂದೇ ಕಣ್ಣು ಮುಚ್ಚಲು ಬಾರದೆ
ಅಂಗೈಯಿಂದ ಒತ್ತಿ ಹಿಡಿದು ಬಾಗಿದಳು.
ಬಹಳ ಹೊತ್ತು ಬಾಗಿಯೇ ಇದ್ದಳು.

“ಕರಿದ್ರಾಕ್ಷಿ” ಅಂದಳು.
“ಭಾಳ ಒತ್ತಾಗ್ಯಾವ.
ಯಾರೂ ವಿರಳ ಮಾಡಿಲ್ಲ.”