ಮುಳ್ಳು

ನಾಲ್ಕು ಡಿಗ್ರಿಗೆ ಮುಳ್ಳು ನಿಲ್ಲಿಸಿಕೊಂಡು
ಹದಿನೇಳು ವರ್ಷ ಕೂತಿದ್ದೇನೆ
ಹಾಸನದ ಈ ಕೋಲ್ಡ್ ಸ್ಟೋರೇಜಿನಲ್ಲಿ,
ಜಲಂಧರದಿಂದ ಬಂದ ಬಿತ್ತನೆ ಆಲೂಗಡ್ಡೆಗೆ
ಮೊಳಕೆಯ ಕನಸು ಬೀಳದಂತೆ ಕಾಯುತ್ತ.
ಚಳಿ ನನಗೆ ಸಂಬಳ ಕೊಡುವ ಧಣಿ.
ಅವನ ಮುಂದೆ ಒಮ್ಮೆಯೂ ನಡುಗಿದವನಲ್ಲ.

ಮೊನ್ನೆ ಬುಧವಾರ, ಹೊರಗೆ ಏಪ್ರಿಲ್ ಬಿಸಿಲು,
ಡಾಂಬರು ಮೆತ್ತಗಾಗಿ ಚಪ್ಪಲಿ ಹಿಡಿದೆಳೆಯುವ ಹೊತ್ತು,
ಲಾರಿಯ ನೆರಳಲ್ಲಿ ಬೀಡಿ ಹಚ್ಚುತ್ತಿದ್ದವನ
ಬೆನ್ನುಹುರಿಯಲ್ಲಿ ಯಾರೋ
ಚೇಂಬರಿನ ಬಾಗಿಲು ತೆರೆದ ಹಾಗಾಯಿತು.
ಮೈಯೆಲ್ಲ ಮುಳ್ಳು.
ಹಮಾಲಿ ಕೆಂಚಪ್ಪ ನಕ್ಕ:
"ಏನಣ್ಣ, ಒಳಗಿನ ಚಳೀನ ಹೊರಗ್ ತಂದ್ಬುಟ್ಯಾ?"

ಮನೆಯಲ್ಲಿ ಮೂರು ಕಂಬಳಿ, ಮೇಲೊಂದು ಜಮಖಾನ.
ಜಯಶೀಲ ಹಣೆ ಮುಟ್ಟಿ
ಕಾವಲಿ ಮುಟ್ಟಿದಂತೆ ಕೈ ತೆಗೆದಳು.
"ಕೆಂಡ ಆಗಿದ್ದೀರಿ."
ಕೆಂಡಕ್ಕೂ ಚಳಿಯೆ?
ಕೇಳಿದ ಮಾತು ಹಲ್ಲುಗಳ ನಡುವೆ ಚೂರಾಗಿ ಬಿತ್ತು.

ಫಿಲೋಮಿನಾ ಸಿಸ್ಟರ್ ಬಗಲಿಗೆ ಕಡ್ಡಿ ಸಿಗಿಸಿ,
ಅದು ಕುಯ್ ಅನ್ನುವಷ್ಟರಲ್ಲಿ ಹೇಳಿದ್ದು:
"ನಿಮ್ಮ ಮಿಷಿನ್ನಿಗಿರೋ ಅಂಥದೇ ಮುಳ್ಳು ತಲೆಯೊಳಗೂ ಇದೆ.
ದಿನಾ ತೊಂಬತ್ತೆಂಟರ ಹತ್ತಿರ ನಿಂತಿರುತ್ತೆ.
ರೋಗ ಹೊಕ್ಕ ಸುದ್ದಿ ಸಿಕ್ಕ ಕೂಡಲೆ
ನೂರಾಮೂರಕ್ಕೆ ತಿರುಗಿಸ್ಕೊಳ್ಳುತ್ತೆ.
ಮೈ ಇನ್ನೂ ಕೆಳಗೇ ಇದೆ.
ಆ ಕೊರತೇನೇ ನಿಮಗೆ ಚಳಿ."

ಅಷ್ಟು ಸಾಕಾಯಿತು. ಮಿಕ್ಕಿದ್ದನ್ನು ಕಂಪ್ರೆಸರ್ ಹೇಳಿತು.
ಮುಳ್ಳನ್ನು ಒಂದು ಗೆರೆ ಸರಿಸಿ ನೋಡಿ,
ತೂಕಡಿಸುತ್ತಿದ್ದ ಯಂತ್ರ ಗಡಗಡ ಎದ್ದು
ನೆಲ ಅದುರುವಂತೆ ದುಡಿಯುತ್ತದೆ;
ಗೆರೆ ಮುಟ್ಟುವ ತನಕ ಅದಕ್ಕೆ ಇದ್ದದ್ದೆಲ್ಲ ಸಾಲದು.
ನನ್ನ ತೊಡೆ, ದವಡೆ, ರಟ್ಟೆ ಈಗ ಅದೇ ಪಾಳಿಯಲ್ಲಿ.
ಚರ್ಮದ ಓಣಿಗಳಿಂದ ನೆತ್ತರು ಒಳಗೆ ಸರಿದು
ಕದ ಹಾಕಿಕೊಂಡಿದೆ, ಕಾವು ಸೋರದಿರಲೆಂದು.
ಅದಕ್ಕೇ ಉಗುರು ನೀಲಿ.
ನಡುಕವೆಂದರೆ ಸೌದೆ ಹಾಗಾದರೆ,
ಉರಿಸಲು ಬೇರೇನೂ ಸಿಗದೆ
ಮೈ ತನ್ನನ್ನೇ ಒಲೆಗೆ ಒಟ್ಟುತ್ತಿದೆ.

ನಾನು ತಂಪಿಗೆ ತಿರುಗಿಸುವುದು ಒಳಗಿದ್ದವರು ಮಲಗಲೆಂದು;
ಇದು ಬಿಸಿಗೆ ತಿರುಗಿಸಿದ್ದು
ಒಳಹೊಕ್ಕವನು ಕಣ್ಣು ಮುಚ್ಚದಿರಲೆಂದು.
ಕಾವಿನಲ್ಲಿ ಅವನ ಸಂತಾನ ಕುಂಟುತ್ತದಂತೆ,
ನಮ್ಮ ಕಡೆಯ ಕಾವಲಿನವರು ಬೇಗ ಓಡುತ್ತಾರಂತೆ.
"ಹಾಗಂತ ಏರಿದಷ್ಟೂ ಏರಲಿ ಅಂತ ಬಿಡಬೇಡಿ"
ಎನ್ನುತ್ತ ಸಿಸ್ಟರ್ ಮಾತ್ರೆ ಎಣಿಸಿದಳು.

ಎಚ್ಚರವೋ ಮಂಪರೋ, ಗೋದಾಮಿನ ಮೂಟೆಗಳು ಬಂದವು.
ಸಾಲಿನ ಸಂದಿಗೆ ಕೈ ತೂರಿಸಿದರೆ
ಯಾವುದೋ ಒಂದು ಮೂಟೆ ಬೆಚ್ಚಗಿರುತ್ತದೆ,
ಒಳಗೊಂದು ಕೊಳೆತಿದೆ ಎಂದರ್ಥ.
ಎಷ್ಟೊಂದನ್ನು ಹಾಗೇ ಹೊರಗೆಸೆಯಿಸಿದೆ!
ಬೆಚ್ಚಗಿದ್ದದ್ದು ಕೊಳೆತದ್ದೋ,
ಅದರ ಪಕ್ಕ ಕೊಳೆಯಲೊಲ್ಲದೆ ಉಸಿರು ಬಿಗಿದ
ಗಟ್ಟಿ ಗಡ್ಡೆಗಳೋ?
ಅವತ್ತು ಕೇಳಿಕೊಳ್ಳಲಿಲ್ಲ.

ನಾಲ್ಕರ ಜಾವ ಮುಳ್ಳು ಇಳಿಯಿತು.
ಕಂಬಳಿಗಳೆಲ್ಲ ಒಟ್ಟಿಗೆ ಭಾರವಾದವು.
ಮುಚ್ಚಿದ್ದ ಓಣಿಗಳ ಕದ ತೆರೆದು
ಎದೆ, ಕುತ್ತಿಗೆ, ಕಿವಿಯ ಹಿಂದೆ ನೀರೋ ನೀರು.
ಜಯಶೀಲ ಬನಿಯನ್ ಬದಲಿಸುತ್ತ "ಬಿಟ್ಟಿತು" ಎಂದಳು.
ಯಾರು ಯಾರನ್ನು ಹಿಡಿದಿದ್ದರೋ.
ಗಂಜಿಗೆ ಉಪ್ಪು ಸಾಲದು ಎಂದೆ.

ಸೋಮವಾರ ಮತ್ತೆ ಡ್ಯೂಟಿ.
ಹೊಸ ಲೋಡು ಇಳಿದು ಚೇಂಬರು ಏಳಕ್ಕೇರಿತ್ತು.
ಕಂಪ್ರೆಸರ್ ಗಡಗಡ ಎದ್ದಿತು.
ಅದರ ಮೈಮೇಲೆ ಅಂಗೈ ಇಟ್ಟು
ಒಂದು ಗಳಿಗೆ ಹಾಗೇ ನಿಂತಿದ್ದೆ,
ಕೆಂಚಪ್ಪ ನೋಡುತ್ತಾನೆಂದು ತೆಗೆದೆ.