ಶಾಟ್ ನಂಬರ್ ಏಳು

ವಹಿ ತುಂಬ ಚೌಕ. ಮೂರನೆಯದರಲ್ಲಿ ಕೋಟೆ ಇತ್ತು,
ಹೊಡೆದು ಹಾಕಿದೆ:
ಪರವಾನಗಿಗೆ ಅರ್ಜಿ, ಅರ್ಜಿಗೆ ಪ್ರಿನ್ಸಿಪಾಲರ ಸಹಿ,
ಸಹಿಗೆ ಸೋಮವಾರ.

ಒಂದೇ ಸ್ಕೂಟಿಯ ಮೇಲೆ ಮೂವರು, ನೌಬಾದಿಗೆ.
ಸುರಂಗ ಬಾವಿಯ ಬಾಯಿಗೆ ಬಗ್ಗಿ
ನುಸ್ರತ್ ಪಲ್ಲವಿಯ ಒಂದು ಸಾಲು ಇಳಿಬಿಟ್ಟಳು,
ಕೊಡ ಬಿಟ್ಟ ಹಾಗೆ.
ವೈಜಿನಾಥ ಮೊಬೈಲು ಹಿಡಿದು ಸೆಕೆಂಡು ಎಣಿಸಿದ.
ಹಾಡು ತಡವಾಗಿ ಮೇಲೆ ಬಂತು,
ತೊಯ್ದು, ಬೇರೆ ಯಾರದೋ ದನಿಯಲ್ಲಿ.
"ಇದಕ್ಕ ತುಟಿ ಹ್ಯಾಂಗ ಕೂಡಸ್ತಿ?" ಅಂದ.

ಎಮ್ಮೆ ಹೊಡಕೊಂಡು ಹೊಂಟ ಮುದುಕಿ ನಿಂತಳು.
"ನೀರು ಅಳೀಲಾಕ ಬಂದೀರೇನು?"
"ಇಲ್ಲ ಆಯಿ, ಹಾಡಿಂದು."
"ಹಂಗಾದ್ರ ಹೊತ್ತು ಹೊಂಡೂ ಮುಂದ ಬರ್ರಿ.
ಒಳಗಿನ ಪಾರಿವಾಳ ಎಲ್ಲಾ ಒಮ್ಮಿಗೇ ಏಳ್ತಾವ."

ಏಳನೇ ಚೌಕದಲ್ಲಿ ಚಿತ್ರ ಬರೆಯಲಿಲ್ಲ.
ಬೆಳಗಿನ ಐದೂವರೆ. ಬ್ಯಾಟರಿ ಎರಡು.
ನುಸ್ರತಳ ಅಬ್ಬಾನ ಹತ್ತಿರ ಯಾರು ಮಾತಾಡೋದು?